ಹತ್ತು ನಿಮಿಷದ ಗಂಟೆಯೂ ಅವರೆಕಾಳಿನ ಬೋಗುಣಿಯೂ

ಮದ್ದೂರಿನಲ್ಲಿ ರೈಲ್ವೆ ಗೇಟಿನ ಆಚೆ, ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ದೇವೀರಮ್ಮ ಎಂಬ ಹೆಂಗಸಿದ್ದಳು. ಹೊಲಿಗೆ ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ಅವಳ ಮನೆಯಲ್ಲಿ ಬಿಟ್ಟು ಸಂಜೆ ಆರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮನೆ ಚಿಕ್ಕದು. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದೆ ಕಲ್ಲು ಹಾಸಿದ ಅಂಗಳ. ಆಟದ ಸಾಮಾನು ಅಂದರೆ ತಟ್ಟೆ, ಲೋಟ, ಸೌಟು, ಮುಚ್ಚಳ. ಒಂಬತ್ತು ವರ್ಷದಿಂದ ಮಕ್ಕಳು ಅದರಲ್ಲೇ ಆಡಿ, ಅದರ ಪಕ್ಕದಲ್ಲೇ ನಿದ್ದೆ ಹೋಗಿ, ದೊಡ್ಡವರಾಗಿ ಸ್ಕೂಲಿಗೆ ಸೇರಿದ್ದರು. ಯಾರೂ ಏನೂ ಕೇಳಿರಲಿಲ್ಲ.

ಆ ವರ್ಷ ಎರಡು ಬೀದಿ ಆಚೆ ಒಂದು ಹೊಸ ಪ್ಲೇ ಹೋಮ್ ಶುರುವಾಯಿತು. ಗೋಡೆ ತುಂಬ ಆನೆ, ಜಿರಾಫೆ. ಒಳಗೆ ಕೆಂಪು ಜಾರುಬಂಡೆ. ದೇವೀರಮ್ಮನ ಹತ್ತಿರ ಇದ್ದ ಎಂಟು ಮಕ್ಕಳಲ್ಲಿ ಇಬ್ಬರು ಅಲ್ಲಿಗೆ ಹೋದರು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಉಳಿದ ಆರೂ ನಾಳೆಯೇ ಹೋಗಿಬಿಟ್ಟರೆ ಎಂಬ ಭಯ.

ಅವಳ ತಂಗಿಯ ಮಗಳು ಸಿಂಚನ ಟೀಚರ್ ಕೆಲಸಕ್ಕೆ ಓದುತ್ತಿದ್ದಳು. ಅವಳು ಒಂದು ಪಟ್ಟಿ ಬರೆದುಕೊಟ್ಟಳು.

"ದೊಡ್ಡಮ್ಮ, ಇದ್ರಲ್ಲಿ ಮೂವತ್ತು ಆಟ ಅವೆ. ಒಂದಕ್ಕೂ ಕಾಸು ಬೇಡ. ಮನೇಲಿರೋದ್ರಲ್ಲೇ ಆಯ್ತವೆ."

ಪಟ್ಟಿ ಚೆನ್ನಾಗಿಯೇ ಇತ್ತು. ಹಳೇ ಪೇಪರ್ ಹರಿದು ಉಂಡೆ ಮಾಡುವುದು. ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಸಿಕ್ಕಿಸುವುದು. ಬೆಂಡೆಕಾಯಿ ಕತ್ತರಿಸಿ, ಅರಿಸಿನದ ನೀರಲ್ಲಿ ಅದ್ದಿ, ಕಾಗದದ ಮೇಲೆ ಹೂವಿನ ಅಚ್ಚು ಒತ್ತುವುದು. ಸುಣ್ಣ ಹೊಡೆಯುವ ಬ್ರಷ್ಷಿನಿಂದ ಅಂಗಳದ ಕಲ್ಲಿಗೆ ಬರೀ ನೀರು ಬಳಿಯುವುದು. ಇದರಲ್ಲಿ ಯಾವ ಆಟದ್ದೂ ತಪ್ಪಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಪಟ್ಟಿಯನ್ನು ಬೈಯಬೇಡಿ.

ತಪ್ಪು ಮಾಡಿದವಳು ದೇವೀರಮ್ಮ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಹಾಗಾಯಿತು. ಜಾರುಬಂಡೆಯವರನ್ನು ಸೋಲಿಸಬೇಕಾದರೆ ಮೂವತ್ತು ಆಟವನ್ನೂ ದಿನಾ ಆಡಿಸಬೇಕು ಎಂದು ಅವಳು ಲೆಕ್ಕ ಹಾಕಿದಳು. ಆಟಕ್ಕೆ ಹತ್ತು ನಿಮಿಷ. ಹತ್ತು ನಿಮಿಷಕ್ಕೊಮ್ಮೆ ಫೋನಿನಲ್ಲಿ ಗಂಟೆ. ಗಂಟೆ ಹೊಡೆದ ಕೂಡಲೇ ಒಂದು ಫೋಟೋ. ಫೋಟೋ ತಾಯಂದಿರ ವಾಟ್ಸಾಪ್ ಗುಂಪಿಗೆ. ಮತ್ತೆ ಮುಂದಿನ ಆಟ. ಕಾರ್ಖಾನೆಯಲ್ಲಿ ಬೆಳಿಗ್ಗೆ ಫೋನುಗಳನ್ನು ಗೇಟಿನಲ್ಲೇ ತೆಗೆದಿಡುತ್ತಿದ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ತಾಯಂದಿರು ಫೋನ್ ಈಸಿಕೊಂಡರೆ ಇಪ್ಪತ್ತು ಫೋಟೋ ಬಂದು ಬಿದ್ದಿರುತ್ತಿದ್ದವು. ಅವರು ಸಾಲಾಗಿ ಹೃದಯದ ಚಿತ್ರ ಕಳಿಸುತ್ತಿದ್ದರು. ಆ ಹೃದಯಗಳನ್ನು ನೋಡಿ ದೇವೀರಮ್ಮ ಮಾರನೇ ದಿನ ಇನ್ನೂ ಜೋರಾಗಿ ಓಡುತ್ತಿದ್ದಳು. ಅವಳ ಹಿಂದೆ ಮಕ್ಕಳೂ ಓಡುತ್ತಿದ್ದವು. ಸಂಜೆ ಹೊತ್ತಿಗೆ ಎಲ್ಲವೂ ಕಿರಿಕಿರಿ ಮಾಡಿ, ಒಂದನ್ನೊಂದು ಕಚ್ಚಿ, ಊಟವನ್ನು ಉಗಿದು ಮನೆಗೆ ಹೋಗುತ್ತಿದ್ದವು. ಅದರ ಫೋಟೋ ಮಾತ್ರ ಗುಂಪಿಗೆ ಹೋಗಲಿಲ್ಲ.

ಆ ಆರರಲ್ಲಿ ಒಬ್ಬ ಮನ್ವಿತ್. ಮೂರು ವರ್ಷದವನು. ಬಂದು ಮೂರು ವಾರವಾಗಿತ್ತಷ್ಟೆ. ಅವನಪ್ಪ ತೀರಿಕೊಂಡು ವರ್ಷ ತುಂಬಿತ್ತು. ತಾಯಿ ನೇತ್ರಾವತಿ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುವ ಕೆಲಸಕ್ಕೆ ಸೇರಿದ್ದಳು. ಅದು ಕೈತಪ್ಪಿದರೆ ತವರಿಗೆ ಹೋಗಿ ಅತ್ತಿಗೆಯ ಕೈಕೆಳಗೆ ಬದುಕಬೇಕು. ಅದು ಅವಳಿಗೆ ಬೇಡವಾಗಿತ್ತು. ಆದರೆ ಮಗ ದಿನವಿಡೀ ಬಾಗಿಲ ಹತ್ತಿರ ನಿಂತು "ಅಮ್ಮ ಎಲ್ಲಿ, ಅಮ್ಮ ಎಲ್ಲಿ" ಎಂದು ಅಳುತ್ತಿದ್ದ. ಆಗಲೇ ಒಂದು ಸಲ ಅವಳು ಕೆಲಸ ಬಿಟ್ಟು ಓಡಿಬಂದು ಮೇಲ್ವಿಚಾರಕನಿಂದ ಬೈಸಿಕೊಂಡಿದ್ದಳು.

ಅವರೆಕಾಯಿ ಕಾಲ. ಒಂದು ಗುರುವಾರ ದೇವೀರಮ್ಮ ರಾತ್ರಿಯ ಹಿತಕಿದ ಬೇಳೆ ಸಾರಿಗೆಂದು ಒಂದು ಬೋಗುಣಿ ತುಂಬ ಅವರೆಕಾಳು ನೆನೆಹಾಕಿದ್ದಳು. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹೊರಗೆ ಹಾರುತ್ತದೆ. ಮನ್ವಿತ್ ಅಳುತ್ತಲೇ ಬಂದು ಬೋಗುಣಿಯ ಮುಂದೆ ಕೂತ. ಒಂದು ಕಾಳು ಒತ್ತಿದ. ಬೇಳೆ ಹಾರಿ ಅವನ ಹೊಟ್ಟೆಗೆ ತಗುಲಿತು. ಅಳು ನಿಂತಿತು. ಇನ್ನೊಂದು ಒತ್ತಿದ. ಮತ್ತೊಂದು. ಗಂಟೆ ಹೊಡೆಯಿತು, ಅವನು ತಲೆ ಎತ್ತಲಿಲ್ಲ. ದೇವೀರಮ್ಮ ಉಳಿದ ಮಕ್ಕಳಿಗೆ ಕ್ಲಿಪ್ಪು ಕೊಟ್ಟು ಬಂದಳು. ಮತ್ತೆ ಗಂಟೆ ಹೊಡೆಯಿತು. ಗುಂಪಿನ ಫೋಟೋದಲ್ಲಿ ಐದೇ ಮಕ್ಕಳಿದ್ದರೆ ನೇತ್ರಾವತಿ ಏನೆಂದುಕೊಂಡಾಳು?

"ಬಾ ಮಗ, ಬೆಂಡೆಕಾಯಿ ಅಚ್ಚು ಒತ್ತಾನ. ಫೋಟೋ ತೆಗೀತೀನಿ ಬಾ" ಎಂದು ಅವನ ಎರಡೂ ತೋಳು ಹಿಡಿದು ಎತ್ತಿಬಿಟ್ಟಳು.

ಅವನ ಮುಷ್ಟಿಯಲ್ಲಿ ಇನ್ನೂ ಒತ್ತದ ಒಂದು ಕಾಳಿತ್ತು. ಮಗು ಚೀರಿತು. ನೆಲಕ್ಕೆ ಬಿದ್ದು ಹೊರಳಾಡಿತು. ಎರಡು ತಾಸು ಅತ್ತು, ಬಿಕ್ಕಿ, ವಾಂತಿ ಮಾಡಿಕೊಂಡಿತು. ದೇವೀರಮ್ಮ ಹೆದರಿ ಕಾರ್ಖಾನೆಯ ಗೇಟಿಗೆ ಫೋನ್ ಮಾಡಿದಳು. ನೇತ್ರಾವತಿ ಅರ್ಧ ಹೊಲಿದ ಕಾಲರನ್ನು ಮಿಷನ್ನಿನಲ್ಲೇ ಬಿಟ್ಟು ಬಂದಳು. ಬರುವಾಗ ಮೇಲ್ವಿಚಾರಕ ಕೂಗಿ ಹೇಳಿದ್ದ: "ಇನ್ನೊಂದು ಸಲ ಮಧ್ಯದಲ್ಲಿ ಎದ್ದು ಹೋದ್ರೆ ಬರೋದೇ ಬೇಡ ಕಣಮ್ಮ. ಮಿಷನ್‌ಗೆ ಬೇರೆಯವರನ್ನ ಕೂರಿಸ್ತೀನಿ."

ನೇತ್ರಾವತಿ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅವನ ಮುಖ ಒರೆಸಿದಳು. ಆಮೇಲೆ ಕೇಳಿದಳು.

"ಅಕ್ಕ, ಅಳಕ್ಕೆ ಮೊದ್ಲು ಏನ್ ಮಾಡ್ತಿದ್ದ ಇವನು?"

"ಅವರೆಕಾಳು ಹಿತುಕ್ತಾ ಕುಂತಿದ್ದ ಕಣವ್ವ."

"ಎಷ್ಟೊತ್ತು?"

ದೇವೀರಮ್ಮ ಲೆಕ್ಕ ಹಾಕಿದಳು. "ಎಲ್ಡು ಸಲ ಗಂಟೆ ಹೊಡೀತು. ಇಪ್ಪತ್ತು ನಿಮಿಷ ಆಗಿರ್ಬೇಕು."

"ಅಷ್ಟೊತ್ತೂ ಅಳ್ಲಿಲ್ವ?"

"ಇಲ್ಲ" ಎನ್ನುವಾಗಲೇ ಅವಳಿಗೆ ಹೊಳೆಯಿತು. ಮೂರು ವಾರದಲ್ಲಿ ಮಗು ಅಳದೆ ಇದ್ದದ್ದು ಆ ಇಪ್ಪತ್ತೇ ನಿಮಿಷ. ಅದನ್ನು ತನ್ನ ಕೈಯಾರೆ ಕಿತ್ತು ಹಾಕಿದ್ದೂ ತಾನೇ. ದೇವೀರಮ್ಮನಿಗೆ ನಾಚಿಕೆಯಾಯಿತು. "ನಾಳೆ ಒಂದಿನ ಬುಡವ್ವ ನನ್ತಾವ. ಇದೊಂದಿನ ನೋಡು" ಎಂದು ಕೇಳಿಕೊಂಡಳು.

ಶುಕ್ರವಾರ ಬೆಳಿಗ್ಗೆ ಅವಳು ಮತ್ತೆ ಅವರೆಕಾಳು ನೆನೆಹಾಕಿಟ್ಟಿದ್ದಳು. ಫೋನಿನ ಗಂಟೆಯನ್ನು ತೆಗೆದುಹಾಕಿದಳು. ಅಂಗಳದಲ್ಲಿ ಐದು ಮಕ್ಕಳಿಗೆ ನೀರು, ಬ್ರಷ್ಷು ಕೊಟ್ಟಳು. ಬೋಗುಣಿಯನ್ನು ಹಿತ್ತಿಲ ಬಾಗಿಲ ಒಳಗೆ, ಅಂಗಳದ ಮಕ್ಕಳೂ ತನಗೆ ಕಾಣುವಂತೆ ಇಟ್ಟು, ತಾನೂ ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತಳು. ಕೂರಲೇಬೇಕು. ಮೂರು ವರ್ಷದ ಮಗು ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳಲು ಎಷ್ಟು ಹೊತ್ತು ಬೇಕು? ಕಾಸಿಲ್ಲದ ಆಟ ನಿಜ, ಕಣ್ಣಿಡದೆ ಆಡಿಸುವ ಆಟವಲ್ಲ.

ಮನ್ವಿತ್ ಅಳುತ್ತಾ ಬಂದ, ಅಳುತ್ತಾ ಸುತ್ತಿದ, ಬಾಗಿಲಿಗೆ ಹೋದ, ತಿರುಗಿ ಬಂದ. ಕೊನೆಗೆ ಕೂತ.

ಇನ್ನು ದೇವೀರಮ್ಮನ ಪಾಡು ಕೇಳಿ. ಅವಳಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಕಾಲು ಅಲ್ಲಾಡುತ್ತಿದೆ, ಕೈ ಫೋನಿಗೆ ಹೋಗುತ್ತಿದೆ. ಒಂದು ಫೋಟೋನೂ ಹೋಗಿಲ್ಲ, ಜನ ಏನಂದಾರು? ಅಂಗಳದಲ್ಲಿ ಒಂದು ಹುಡುಗಿ ಅದೇ ಕಲ್ಲಿಗೆ ನೀರು ಬಳಿಯುತ್ತಿದ್ದಾಳೆ. ಬಿಸಿಲಿಗೆ ಅದು ಒಣಗುತ್ತದೆ, ಮತ್ತೆ ಬಳಿಯುತ್ತಾಳೆ. ಏಳನೇ ಸಲವೋ ಎಂಟನೇ ಸಲವೋ. "ಬೇರೆ ಕಲ್ಲಿಗೆ ಬಳಿಯೇ" ಎನ್ನುವ ಮಾತು ದೇವೀರಮ್ಮನ ಗಂಟಲವರೆಗೆ ಬಂತು. ನುಂಗಿಕೊಂಡಳು. ಮನ್ವಿತ್ ಈಗ ಕಾಳಿನ ಜೊತೆ ಮಾತಾಡುತ್ತಿದ್ದ. "ಬಾ ಈಚೆಗೆ. ಬಾ. ಬಂದ್ಬುಟ್ಟ!" ಎನ್ನುತ್ತಿದ್ದ. ಎಂಥ ಚೆಂದದ ಫೋಟೋ ಆದೀತು! ಅಳುಬುರುಕ ನಗುತ್ತಿದ್ದಾನೆ ನೋಡಿ ಎಂದು ಇದೊಂದನ್ನೇ ಕಳಿಸಿದರೆ ಸಾಕು, ಹೋದ ಇಬ್ಬರೂ ತಿರುಗಿ ಬಂದಾರು. ಅವಳು ಮೆಲ್ಲಗೆ ಫೋನ್ ಎತ್ತಿದಳು.

ಮಗುವಿನ ಬೆರಳು ನಿಂತಿತು. ಅವನು ಫೋನನ್ನೇ ನೋಡಿದ. ತುಟಿ ಸೊಟ್ಟಗಾಯಿತು.

ದೇವೀರಮ್ಮ ಫೋನನ್ನು ಸದ್ದಿಲ್ಲದ ಹಾಗೆ ಮಾಡಿ, ಹಿಂದಕ್ಕೆ ಕೈ ಚಾಚಿ, ರಾಗಿ ಡಬ್ಬದ ಒಳಗೆ ಹಾಕಿ ಮುಚ್ಚಳ ಮುಚ್ಚಿದಳು. ತಾನೂ ಒಂದು ಕಾಳು ತೆಗೆದುಕೊಂಡು ಒತ್ತಿದಳು. ಮಗುವಿನ ಬೆರಳು ಮತ್ತೆ ಆಡಿತು.

ಹನ್ನೆರಡೂವರೆಗೆ ಕಾರ್ಖಾನೆಯಲ್ಲಿ ಊಟದ ಬಿಡುವು. ತಾಯಂದಿರು ಫೋನ್ ತೆರೆದರು. ಗುಂಪು ಖಾಲಿ. "ಇವತ್ತು ಫೋಟೋ ಇಲ್ವಾ?" ಎಂದು ಒಬ್ಬಳು, "ಏನಾಯ್ತು?" ಎಂದು ಇನ್ನೊಬ್ಬಳು. ನೇತ್ರಾವತಿ ಮೂರು ಸಲ ಫೋನ್ ಮಾಡಿದಳು, ದೇವೀರಮ್ಮ ಎತ್ತಲಿಲ್ಲ. ಬುತ್ತಿ ಬಿಚ್ಚದೆ ಓಡಿದಳು. ಹೋಗಲು ಹತ್ತು ನಿಮಿಷ, ಬರಲು ಹತ್ತು ನಿಮಿಷ, ಒಂದು ಗಂಟೆಗೆ ಮಿಷನ್ ಮುಂದೆ ಇರಬೇಕು. ಇಲ್ಲದಿದ್ದರೆ ಎಲ್ಲ ಮುಗಿಯಿತು.

ಮುಂಬಾಗಿಲು ಹಾಕಿದ್ದರಿಂದ ಹಿತ್ತಿಲ ಕಡೆಯಿಂದ ಬಂದವಳು ಬಾಗಿಲಲ್ಲಿ ನಿಂತುಬಿಟ್ಟಳು. ಮಗ ಪಕ್ಕಕ್ಕೆ ತಿರುಗಿ ಕೂತಿದ್ದ. ಒಂದು ಪಕ್ಕ ಸಿಪ್ಪೆಯ ಗುಡ್ಡೆ, ಒಂದು ಪಕ್ಕ ಬೇಳೆಯ ಗುಡ್ಡೆ. ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಕಾಳು ಒತ್ತುತ್ತಿದ್ದ. ಗಂಡ ಹೋದ ಮೇಲೆ ಮಗನ ಮುಖದಲ್ಲಿ ಇಂಥ ನೆಮ್ಮದಿಯನ್ನು ಅವಳು ನೋಡಿರಲೇ ಇಲ್ಲ. ದೇವೀರಮ್ಮ ಅವಳನ್ನು ಕಂಡಳು. ಕರೆಯಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು.

"ಮಗ" ಎನ್ನುವ ಮಾತು ನೇತ್ರಾವತಿಯ ಬಾಯಿಗೆ ಬಂದೇ ಬಂತು. ಒಂದು ಸಲ ಎತ್ತಿ ಮುದ್ದಾಡಿದರೆ ತನ್ನ ಜೀವಕ್ಕೆ ತಂಪು. ಆದರೆ ಅವನು ಅವಳನ್ನು ಬಿಡುವುದಿಲ್ಲ. ಆಗ ಇವತ್ತೂ ನಿನ್ನೆಯಂತೆಯೇ.

ಅಷ್ಟರಲ್ಲಿ ಒಂದು ಬೇಳೆ ಪುಳಕ್ಕನೆ ಹಾರಿ ಹೊಸ್ತಿಲ ಹತ್ತಿರ ಬಿತ್ತು. ಮನ್ವಿತ್ ಅದನ್ನು ತೆಗೆದುಕೊಳ್ಳಲು ಎದ್ದು ಬಂದ. ನೇತ್ರಾವತಿ ಗೋಡೆಗೆ ಅಂಟಿಕೊಂಡು ವೇಲನ್ನು ಬಾಯಿಗೆ ತುರುಕಿಕೊಂಡಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅವನ ತಲೆಗೂದಲು. ಅವನು ಬಗ್ಗಿ ಬೇಳೆ ಹೆಕ್ಕಿಕೊಂಡ. ಮೇಲೆ ನೋಡಲಿಲ್ಲ. ತಿರುಗಿ ಹೋಗಿ ಕೂತ.

ಅವಳು ಅಳುತ್ತಲೇ ಓಡಿದಳು. ಒಂದು ಗಂಟೆಗೆ ಸರಿಯಾಗಿ ಮಿಷನ್ನಿನ ಮುಂದೆ ಕೂತಿದ್ದಳು. ಹಸಿವೆ ಅವಳಿಗೆ ನೆನಪೇ ಆಗಲಿಲ್ಲ.

ಮಧ್ಯಾಹ್ನ ಉಂಡು ಮಕ್ಕಳೆಲ್ಲ ಮಲಗಿದ ಮೇಲೆ ದೇವೀರಮ್ಮ ರಾಗಿ ಡಬ್ಬದಿಂದ ಫೋನ್ ತೆಗೆದು ಗುಂಪಿಗೆ ಒಂದೇ ಸಂದೇಶ ಬರೆದಳು: "ಮಕ್ಕಳು ಆಡ್ತಿದ್ರು, ನಾನು ಪಕ್ಕದಲ್ಲೇ ಇದ್ದೆ. ಇನ್ಮೇಲೆ ಸಂಜೆಗೆ ಒಂದೇ ಫೋಟೋ. ಏನಾದ್ರೂ ಇದ್ರೆ ಗೇಟಿಗೆ ಫೋನ್ ಮಾಡ್ತೀನಿ." ಆವತ್ತು ಯಾರೂ ಹೃದಯ ಕಳಿಸಲಿಲ್ಲ.

ಸಂಜೆ ಆರಕ್ಕೆ ನೇತ್ರಾವತಿ ಬಂದಾಗ ಮನ್ವಿತ್ ಓಡಿಬಂದು ಅವಳ ಕುತ್ತಿಗೆಗೆ ಜೋತುಬಿದ್ದ. ಆಮೇಲೆ ಅವರೆಯ ಸೊಗಡಿನ ವಾಸನೆ ಹತ್ತಿದ ಎರಡೂ ಅಂಗೈಯನ್ನು ಅವಳ ಮೂಗಿಗೆ ಒತ್ತಿ ಹಿಡಿದು ಹೇಳಿದ:

"ಅಮ್ಮ, ಮೂಸು. ನಾನೇ ಮಾಡಿದ್ದು."

ನೀತಿ: ಮಗುವಿಗೆ ದುಬಾರಿ ಆಟಿಕೆ ಬೇಡ, ದಿನಕ್ಕೆ ಮೂವತ್ತು ಆಟವೂ ಬೇಡ. ಹಿಡಿದ ಆಟವನ್ನು ಮುಗಿಸುವಷ್ಟು ಹೊತ್ತು ಕೊಡಿ, ಪಕ್ಕದಲ್ಲಿ ಕಣ್ಣಿಟ್ಟು ಕೂತಿರಿ. ಚಡಪಡಿಕೆ ದೊಡ್ಡವರದು, ಅದನ್ನು ದೊಡ್ಡವರೇ ತಡೆದುಕೊಳ್ಳಬೇಕು.