ಇಪ್ಪತ್ತೆರಡು ಎಂದ ಏಸಿ

“ಗುರುಗಳೇ, ಪ್ರೀತಿಯಿಂದಲೇ ನೋಡಿಕೊಂಡರೂ ಅದು ಎದುರಿನವರನ್ನು ಏಕೆ ತಲುಪುವುದಿಲ್ಲ?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಕಲಬುರಗಿಯಲ್ಲಿ ಸಿದ್ರಾಮಪ್ಪನೆಂಬ ಬಳೆ ವ್ಯಾಪಾರಿಯಿದ್ದ. ಒಂದು ಬೇಸಿಗೆಯ ಆರಂಭದಲ್ಲಿ ಅವನ ಹೆಂಡತಿ ಗುರುಲಿಂಗಮ್ಮನಿಗೆ ಹೊಟ್ಟೆಯ ಆಪರೇಷನ್ ಆಯಿತು. ಹೊಲಿಗೆ ಬೆವರಿನಲ್ಲಿ ನೆನೆಯಬಾರದು ಎಂದರು ಡಾಕ್ಟರು. ಸಿದ್ರಾಮಪ್ಪ ತನ್ನ ಮೋಟರ್ ಸೈಕಲ್ ಮಾರಿ, ಅವಳು ಮಲಗುವ ಕೋಣೆಗೆ ಏಸಿ ಹಾಕಿಸಿದ. ಅಂಗಡಿಗೆ ನಡೆದು ಹೋಗತೊಡಗಿದ.

ಮೊದಲ ವಾರ ಕೋಣೆ ತಂಪಾಗಿತ್ತು. ಆಮೇಲೆ ಒಂದು ದಿನ ಅವಳು, “ಧಗಿ ಆಗ್ಲಿಕತ್ತದರೀ” ಎಂದಳು. ಅವನು ಕೋಣೆಯ ಶಾಖವೆಷ್ಟೆಂದು ಏಸಿಯ ಮೇಲೆ ಹೊಳೆಯುವ ಅಂಕಿಯನ್ನು ತೋರಿಸಿದ.

“ಇಪ್ಪತ್ತೆರಡು ಅದ, ನೋಡು. ಔಷಧದ ಕಾವು ಇರಬೇಕು.”

ಬಿಸಿಲಲ್ಲಿ ನಡೆದು ಬಂದವನಿಗೆ ಆ ಕೋಣೆ ತಂಪಾಗಿಯೇ ಇತ್ತು. ಮರುದಿನವೂ ಅವಳು ಹೇಳಿದಳು. ಅವನು ಮತ್ತೆ ಅಂಕಿ ತೋರಿಸಿ, ಅಕ್ಕರೆಯಿಂದ ಹೊದಿಕೆ ಹೊದಿಸಿದ. ಮೂರನೆಯ ದಿನ ಅವಳು ಹೇಳಲಿಲ್ಲ.

ಒಂದು ಮಧ್ಯಾಹ್ನ ಅವನು ಬೇಗನೆ ಊಟಕ್ಕೆ ಬಂದ. ಅವಳು ಅಡುಗೆಮನೆಯ ಬರಿ ಕಲ್ಲಿನ ನೆಲದ ಮೇಲೆ ಮಲಗಿದ್ದಳು. ಹೊಲಿಗೆಯ ಸುತ್ತ ಕೆಂಪಾಗಿ ಬಾತಿತ್ತು. ಅವನು ಪಕ್ಕದಲ್ಲೇ ಕುಳಿತ.

“ನನಗ ಯಾಕ ಹೇಳಲಿಲ್ಲ?”

“ನೀವು ಬಿಸಿಲಾಗ ನಡ್ಕೋತ ಹೋಗ್ತೀರಿ. ನೀವು ತಂದಿದ್ದರಾಗ ನಾ ಹೆಂಗ ತಪ್ಪು ತೆಗೀಲಿ?”

ಡಾಕ್ಟರು ಗಾಯ ತೊಳೆದು ಮದ್ದು ಕೊಟ್ಟರು. ಸಂಜೆ ಮೆಕ್ಯಾನಿಕ್ ಮಶಾಕ್ ಬಂದ. ಫಿಲ್ಟರ್ ಸ್ವಚ್ಛವಾಗಿತ್ತು, ಗ್ಯಾಸ್ ಸರಿಯಾಗಿತ್ತು. ಆದರೆ ಹೊರಗಿನ ಯಂತ್ರ ಶುರುವಾದ ಸ್ವಲ್ಪ ಹೊತ್ತಿಗೇ ನಿಲ್ಲುತ್ತಿತ್ತು. ಅವನು ಹಾಸಿಗೆಯ ಪಕ್ಕ ಒಂದು ಥರ್ಮಾಮೀಟರ್ ಇಟ್ಟು ನೋಡಿದ. ಮೂವತ್ತನಾಲ್ಕು. ಏಸಿಯ ಮುಚ್ಚಳ ತೆಗೆದ. ಕೋಣೆಯ ಶಾಖ ಅಳೆಯುವ ಸೆನ್ಸರ್, ಕಡಲೆಕಾಳಿನಷ್ಟು ಚಿಕ್ಕದು, ತನ್ನ ಕ್ಲಿಪ್ಪಿನಿಂದ ಜಾರಿ ಒಳಗಿನ ತಣ್ಣನೆಯ ಕೊಳವೆಗೆ ಅಂಟಿಕೊಂಡಿತ್ತು. ಮಶಾಕ್ ಅದನ್ನು ಬಿಡಿಸಿ ಅಂಗೈಯಲ್ಲಿ ಮುಚ್ಚಿ ಹಿಡಿದ. ಅಂಕಿ ಮೆಲ್ಲಗೆ ಏರಿತು. ಹೊರಗಿನ ಯಂತ್ರ ಓಡತೊಡಗಿತು.

“ಸೆನ್ಸರ್ ಕೆಟ್ಟಿಲ್ಲ, ಅಣ್ಣಾರ. ಅದು ತನಗ ತಾಗಿದ್ದಷ್ಟೇ ಹೇಳ್ತದ. ಅಕ್ಕಾರು ಮಲಗಿದ್ದ ಜಾಗದ್ದು ಅದಕ್ಕೇನು ಗೊತ್ತು?”

ಅದನ್ನು ಕ್ಲಿಪ್ಪಿಗೆ ಸಿಕ್ಕಿಸಿ ಅವನು ಹೊರಟುಹೋದ. ಕೋಣೆ ತಂಪಾಯಿತು. ಹತ್ತು ದಿನದಲ್ಲಿ ಗಾಯ ಮಾಯಿತು. ಸಿದ್ರಾಮಪ್ಪ ಅಂಕಿಯನ್ನು ನೋಡುವುದನ್ನೇ ಬಿಟ್ಟ. ಮನೆಗೆ ಬಂದೊಡನೆ ಅವಳ ಕುತ್ತಿಗೆ ಮುಟ್ಟಿ, “ಹೆಂಗನಸ್ತದ?” ಎಂದು ಕೇಳುತ್ತಿದ್ದ. ಅವಳು ಮುಗುಳ್ನಕ್ಕು, “ಚಲೋ ಅದರೀ” ಎನ್ನುತ್ತಿದ್ದಳು.

ಶಿಷ್ಯನ ಮುಖ ಅರಳಿತು. “ಹಾಗಾದರೆ ದೋಷ ಅಂದೇ ಸರಿಹೋಯಿತು, ಗುರುಗಳೇ.”

“ಯಂತ್ರದ್ದು ಅಂದೇ ಸರಿಹೋಯಿತು; ಆದರೆ ಅವಳು ತನಗಾದದ್ದನ್ನು ಮತ್ತೆ ಬಾಯಿಬಿಟ್ಟು ಹೇಳಬೇಕಾದರೆ ಅವನು ಎರಡು ಬೇಸಿಗೆ ಕೇಳುತ್ತಲೇ ಇರಬೇಕಾಯಿತು” ಎಂದರು ಗುರುಗಳು.