ಮುಳುಗುವ ಪಾಠ

ಈಜು ಕಲಿಸುವವರು ಊರಿಗೊಬ್ಬರು ಸಿಗುತ್ತಾರೆ. ಹೊಳೆದಂಡೆಯ ಮಠದ ಅಡವಯ್ಯನವರು ಮಾತ್ರ ಮೊದಲು ಮುಳುಗುವುದನ್ನು ಕಲಿಸುತ್ತಿದ್ದರು.

ಮಳೆಗಾಲದಲ್ಲಿ ಹರಿಗೋಲು ಮಗುಚಿದರೆ ನೀರಿಗೆ ಹಾರಿ ಜನರನ್ನು ದಡಕ್ಕೆ ಎಳೆದು ತರುವುದು ಆ ಮಠದ ಶಿಷ್ಯರ ಸೇವೆ. ಆ ಸೇವೆಗೆ ಸೇರಬೇಕೆಂದು ದ್ಯಾಮಣ್ಣ ಎಂಬ ತರುಣ ದೂರದ ಊರಿನಿಂದ ನಡೆದು ಬಂದ. ಬಂದವನೇ ಗುರುಗಳ ಕಾಲಿಗೆರಗಿದ.

“ಈಜು ಬರ್ತೈತೇನು?” ಎಂದರು ಗುರುಗಳು.

“ಮೀನಿನಂಗ ಬರ್ತೈತ್ರಿ, ಅಪ್ಪಾರ.”

“ಯಾರು ಕಲಿಸಿದ್ರು?”

“ಯಾರೂ ಇಲ್ರಿ. ನಮ್ಮೂರ ಕೆರ್ಯಾಗ ಕಪ್ಪಿ ನೋಡಿ ನಾನ ಕಲತೆ. ಬೆನ್ನಿಗೆ ಸೋರೆಬುರುಡಿ ಸುದ್ದಾ ಕಟ್ಟಿಕೊಳ್ಳಲಿಲ್ಲ.”

“ಚೊಲೊ ಆತು,” ಎಂದರು ಗುರುಗಳು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. “ನಾಳಿಂದ ಉಳಿದವರ ಕೂಡ ಹೊಳೀ ತಳಕ್ಕ ಹೋಗು. ಒಂದು ಹಿಡಿ ಉಸುಕು ತಗೊಂಡು ಬಾ.”

ಮಠದ ಬಾಗಿಲ ಪಕ್ಕದಲ್ಲಿ ಆಳೆತ್ತರದ ಉಸುಕಿನ ರಾಶಿ ಇತ್ತು. ಶಿಷ್ಯರು ಹೊಳೆಯ ತಳ ಮುಟ್ಟಿ, ಹಿಡಿಹಿಡಿಯಾಗಿ ತಂದು ಸುರಿದದ್ದು. ಮೊದಲ ವರ್ಷವಿಡೀ ಅವರಿಗೆ ಅದೇ ಪಾಠ. ಕೈಕಾಲು ಬಡಿಯುವುದೆಲ್ಲ ಆಮೇಲೆ.

ಕಲ್ಲಪ್ಪ ಎಂಬ ಶಿಷ್ಯ ಆಗಷ್ಟೇ ನೀರಿನಿಂದೆದ್ದು ಬಂದು ತನ್ನ ಹಿಡಿಯನ್ನು ರಾಶಿಗೆ ಸುರಿದ.

“ಈಜು ಯಾವಾಗ ಕಲಿಸ್ತಾರ?” ಎಂದು ದ್ಯಾಮಣ್ಣ ಕೇಳಿದ.

“ತಳದ ಹೆದರಿಕಿ ಹೋದ ಮ್ಯಾಲ ಅಂತ,” ಎಂದ ಕಲ್ಲಪ್ಪ. ಮೂಗಿನಿಂದ ನೀರು ಸೀಟುತ್ತ ಮತ್ತೆ ಹೊಳೆಗಿಳಿದ.

ದ್ಯಾಮಣ್ಣನಿಗೆ ನಗು ತಡೆಯಲಾಗಲಿಲ್ಲ. ಗುರುಗಳ ಬಳಿ ಹಿಂದಿರುಗಿದ.

“ಅಪ್ಪಾರ, ತಪ್ಪು ತಿಳೀಬ್ಯಾಡ್ರಿ. ಇದು ಓದಿ ಮುಗಿಸಿದವಗ ಅ ಆ ತಿದ್ದು ಅಂದಂಗ ಆತು.”

“ನೀ ಅನ್ನೂದೂ ಖರೆ,” ಎಂದರು ಅಡವಯ್ಯನವರು. “ನಡಿ, ಹೊಳಿ ನೋಡೂಣು.”

ನಡುಹೊಳೆಯಲ್ಲಿ ಎರಡು ಬಂಡೆಗಳ ನಡುವೆ ನೀರು ಬೀಸುಕಲ್ಲಿನಂತೆ ತಿರುಗುತ್ತಿತ್ತು. ಹರಿಗೋಲುಗಳು ಮಗುಚುತ್ತಿದ್ದದ್ದು ಅಲ್ಲೇ.

“ಆ ಸುಳ್ಯಾಗ ಸಿಕ್ಕರ ಏನ್ ಮಾಡ್ತಿ?”

“ಜೋರಾಗಿ ಈಜತೇನ್ರಿ.”

“ಅದು ಇನ್ನೂ ಜೋರಾಗಿ ಎಳೀತೈತಿ.”

“ನಾ ಅದಕ್ಕಿಂತ ಜೋರಾಗಿ ಈಜತೇನ್ರಿ. ಅಪ್ಪಣಿ ಕೊಡ್ರಿ, ಈಗ ದಾಟಿ ತೋರಿಸ್ತೇನಿ.”

ದ್ಯಾಮಣ್ಣ ಆಗಲೇ ಅಂಗಿ ಬಿಚ್ಚಿದ್ದ.

ಗುರುಗಳು ಅಪ್ಪಣೆ ಕೊಡಲಿಲ್ಲ. ಹೊದ್ದಿದ್ದ ಕಾವಿಬಟ್ಟೆಯನ್ನು ತೆಗೆದು ಅವನ ಕೈಗಿಟ್ಟು, ತಾವೇ ನೀರಿಗಿಳಿದರು.

ಮುದುಕರು ಮೈ ತೊಳೆದುಕೊಳ್ಳುತ್ತಾರೇನೋ ಎಂದುಕೊಂಡ ದ್ಯಾಮಣ್ಣ. ಅವರು ನೇರವಾಗಿ ಸುಳಿಯ ಕಡೆಗೆ ಸಾಗಿದರು. ಸುಳಿ ಅವರನ್ನು ಹಿಡಿದು ಒಂದು ಸುತ್ತು ತಿರುಗಿಸಿತು. ಅವರು ಕೈ ಬಡಿಯಲಿಲ್ಲ, ಕಾಲು ಬಡಿಯಲಿಲ್ಲ. ಎರಡೂ ಕೈ ಮೇಲೆತ್ತಿ ಮುಳುಗಿಬಿಟ್ಟರು.

“ಅಪ್ಪಾರ,” ಎಂದು ದ್ಯಾಮಣ್ಣ ಕೂಗುತ್ತ ದಡದಿಂದ ನೀರಿಗಿಳಿದ.

ನೀರು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಬಿಳಿಯ ತಲೆ ಎಲ್ಲೂ ಏಳಲಿಲ್ಲ.

ದ್ಯಾಮಣ್ಣ ಹಾರಬೇಕು ಎಂದುಕೊಂಡ, ಕಾಲು ಕಿತ್ತಿಡಲಾಗಲಿಲ್ಲ. ಮೀನಿನಂತೆ ಈಜುವವನು ಮೊಣಕಾಲುದ್ದದ ನೀರಿನಲ್ಲಿ ಕಾವಿಬಟ್ಟೆ ಹಿಡಿದುಕೊಂಡು ನಿಂತ. ತನ್ನ ಬಾಯಿಬಡುಕತನಕ್ಕೆ ಒಂದು ಹಿರಿಯ ಜೀವ ಹೋಯಿತಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತ.

ಆಗ ಕೆಳದಂಡೆಯ ಜೊಂಡಿನ ಮರೆಯಿಂದ ಯಾರೋ ಕೆಮ್ಮಿದ್ದು ಕೇಳಿಸಿತು.

ಅಡವಯ್ಯನವರು ನಡೆದು ಬರುತ್ತಿದ್ದರು. ಗಡ್ಡದಿಂದ ನೀರು ಸೋರುತ್ತಿತ್ತು. ಬಂದು, ಬಿಗಿಹಿಡಿದ ಮುಷ್ಟಿಯನ್ನು ಬಿಚ್ಚಿ ಒಂದು ಹಿಡಿ ಉಸುಕನ್ನು ದ್ಯಾಮಣ್ಣನ ಅಂಗೈಗೆ ಹಾಕಿದರು.

“ಈ ಸುಳಿ ಮ್ಯಾಲ ಬಿಗಿ, ತಳದಾಗ ಸಡಲ. ತಳ ಮುಟ್ಟಿ ಬಾಜೂಕ ಒದ್ದರ ಅದ ಹೊರಗ ಹಾಕತೈತಿ.”

ದ್ಯಾಮಣ್ಣ ಅಂಗೈಯ ಉಸುಕನ್ನು ನೋಡಿದ.

“ನಮ್ಮ ಕೆರ್ಯಾಗ ಸುಳಿ ಇದ್ದಿಲ್ರಿ.”

“ಕೆರಿ ತನಗ ಗೊತ್ತಿದ್ದಷ್ಟು ಕಲಿಸಿತು. ಅದರದೇನೂ ತಪ್ಪಿಲ್ಲ.”

“ನಿಮಗ ಇದನ್ನ ಕಲಿಸಿದ ಗುರುಗಳು ಯಾರ್ರೀ?”

“ಯಾರೂ ಇಲ್ಲ. ನಾನೂ ನಿನ್ನಂಗ ಸ್ವಂತ ಕಲತಾವ. ಇದ ಹೊಳ್ಯಾಗ, ಇದ ಸುಳ್ಯಾಗ.”

ದ್ಯಾಮಣ್ಣನ ಮುಖಕ್ಕೆ ತುಸು ಕಳೆ ಬಂತು. “ಹಂಗಾರ ಗುರು ಇಲ್ಲದನೂ ಕಲೀಬಹುದಲ್ರಿ?”

“ಕಲೀಬಹುದು. ನಾನು, ನಮ್ಮ ಅಣ್ಣ, ಇಬ್ಬರೂ ಕೂಡೇ ಇಳಿದಿದ್ವಿ.”

“ಅಣ್ಣಾರು ಈಗ ಎಲ್ಲಿ ಅದಾರ್ರೀ?”

ಗುರುಗಳು ಅವನ ಕೈಯಿಂದ ಕಾವಿಬಟ್ಟೆ ತೆಗೆದುಕೊಂಡು ಮೈ ಒರೆಸಿಕೊಂಡರು. ಸುಳಿಯ ಕಡೆ ನೋಡಿದರು.

“ನಾ ಕೈ ಸೋತು ಮುಳುಗಿದೆ, ಉಳಕೊಂಡೆ. ಅಣ್ಣ ನನಗಿಂತ ಚೊಲೊ ಈಜತಿದ್ದ, ತಮ್ಮಾ. ಕಡೀತನಕ ಈಜಿದ.”