ಬಾಗಿಲು ತೆಗೆದವಳು

ಇಂಗ್ಲಿಷ್ ಮೇಷ್ಟ್ರು ಪರಮಶಿವಯ್ಯನವರ ಜಂಬ ಏನು ಕೇಳ್ತೀರಿ! ಪಠ್ಯದ ಕಾದಂಬರಿ ಓದಿ ಅಭಿಪ್ರಾಯ ಬರೆಯಿರಿ ಅಂತ ಅಪ್ಪಣೆ ಮಾಡಿದರು. ಅದು ಒಬ್ಬ ದೊರೆಸಾನಿಯ ಕಥೆ. ವರ್ಷಗಟ್ಟಲೆ ಇನ್ನೊಬ್ಬಳ ಮನೆಯಲ್ಲಿದ್ದ ಗಂಡ ಕಾಯಿಲೆ ಬಿದ್ದು ವಾಪಸು ಬರುತ್ತಾನೆ. ಇವಳು ಬಾಗಿಲು ತೆಗೆದು, ಬೂಟು ಬಿಚ್ಚಿ, ಸೂಪು ಕುಡಿಸುತ್ತಾಳೆ. 'ಶುದ್ಧ ದಡ್ಡಿ' ಅಂತ ಬರೆದಿಟ್ಟಳು ವಿದ್ಯಾರ್ಥಿನಿ ಹೇಮಲತ.

ಮೇಷ್ಟ್ರು ಉರಿದುಬಿದ್ದರು. "ಮಹಾ ತ್ಯಾಗಿ ಆಕೆ! ದಡ್ಡಿ ಅನ್ನೋಕೆ ನೀನ್ಯಾರು? ತಿದ್ದಿ ಬರೆ, ಇಲ್ಲದಿದ್ದರೆ ಫೇಲು!"

ಹೇಮಲತ ತಿದ್ದಲಿಲ್ಲ. ಮುಂದಿನ ವಾರ ಪ್ರಾಜೆಕ್ಟು. ಕ್ಲಾಸಿನ ಮುಂದೆ ಮಾತಾಡಿ, ಕೇಳುವವರು ತನ್ನ ಅಭಿಪ್ರಾಯ ಒಪ್ಪುವಂತೆ ಮಾಡಬೇಕು. ಸರದಿ ಬಂದಾಗ ಅವಳು ಎದ್ದು, "ನಮ್ಮ ಹಿಂದಿನ ಬೀದಿಯ ಸಂಗತಿ ಸರ್, ಕನ್ನಡದಲ್ಲೇ ಹೇಳಲಾ?" ಅಂದಳು.

ಬೀದಿ ಸಂಗತಿ ಅಂದರೆ ಮೇಷ್ಟ್ರಿಗೆ ಪ್ರಾಣ. ಚಾಕ್‌ಪೀಸು ಕೆಳಗಿಟ್ಟು ಕುರ್ಚಿ ಮುಂದಕ್ಕೆಳೆದುಕೊಂಡರು.

"ಗೌರಮ್ಮ ಅಂತ ಒಬ್ಬರು ಸರ್. ಗಂಡ ಯಾವಳನ್ನೋ ಕಟ್ಟಿಕೊಂಡು ಹೋಗಿದ್ದ. ಮೊನ್ನೆ ಕೆಮ್ಮುತ್ತಾ ಬಂದು ಬಾಗಿಲು ತಟ್ಟಿದ."

"ಬಂದನಾ ಭಂಡ! ಆಕೆ ಏನು ಮಾಡಿದಳು?"

"ಬಾಗಿಲು ತೆಗೆದು, ಕಾಲಿಗೆ ನೀರು ಕೊಟ್ಟು, ಗಂಜಿ ಕುಡಿಸಿದರು."

"ಥೂ! ಮಾನ ಬೇಡವಾ? ಅಗುಳಿ ಹಾಕಿ ಒಳಗೆ ಕೂರೋದು ಬಿಟ್ಟು! ಅಂಥ ದಡ್ಡಿ ಎಲ್ಲೂ ಇಲ್ಲ!"

"ನಮ್ಮ ಕಾದಂಬರಿಯಲ್ಲೇ ಇದ್ದಾಳೆ ಸರ್. ಬೂಟಿನ ಬದಲು ಕಾಲಿಗೆ ನೀರು, ಸೂಪಿನ ಬದಲು ಗಂಜಿ ಹಾಕಿದ್ದಷ್ಟೇ ನಾನು. ನನ್ನ ಅಭಿಪ್ರಾಯ ನೀವೂ ಒಪ್ಪಿದಿರಿ."

ಕ್ಲಾಸೆಲ್ಲ ಹೋ ಅಂದಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕೊನೆಗೆ ಆ ಅಭಿಪ್ರಾಯಕ್ಕೂ ಈ ಪ್ರಾಜೆಕ್ಟಿಗೂ ಪೂರ್ತಿ ಅಂಕ ಹಾಕಿ, ತಲೆ ಎತ್ತದೆ ಗೊಣಗಿದರು:

"ಇಂಗ್ಲಿಷಿನಲ್ಲಿ ಓದಿದಾಗ ತ್ಯಾಗದ ಹಾಗೇ ಕಂಡಿತ್ತು ಕಣಮ್ಮ."